ಕೇಳುಗನ ಕಣ್ಣು

ರೇಡಿಯೊ ವೀಕ್ಷಕ ವಿವರಣೆಗಾರರು ಅಂಪೈರ್ ತೀರ್ಪನ್ನು ಪ್ರಶ್ನಿಸಬಾರದೆಂಬ ಪಾಠ ನನಗೆ ಒಪ್ಪಿಗೆಯಿಲ್ಲ.

2010ರ ಜೂನ್ 2, ಡೆಟ್ರಾಯಿಟ್‌ನ ಬೇಸ್‌ಬಾಲ್ ಮೈದಾನ. ಸತತ 26 ಬ್ಯಾಟರುಗಳನ್ನು ಔಟ್ ಮಾಡಿದ್ದ ಪಿಚರ್ ಅರ್ಮಾಂಡೊ ಗಲರಾಗಾಗೆ 'ಪರ್ಫೆಕ್ಟ್ ಗೇಮ್' ಒಂದೇ ಔಟ್ ದೂರ. ಆತ ಚೆಂಡು ಹಿಡಿದು ಮೊದಲ ಬೇಸ್ ಮೆಟ್ಟಿದಾಗ ಓಟಗಾರ ಇನ್ನೂ ತಲುಪಿರಲಿಲ್ಲ. ಅಂಪೈರ್ ಜಿಮ್ ಜಾಯ್ಸ್ 'ಸೇಫ್' ಎಂದರು.

ಟಿವಿ ನೋಡುವವರಿಗೆ ಮರುಪ್ರಸಾರವಿದೆ. ರೇಡಿಯೊ ಕೇಳುಗನಿಗಿರುವುದು ವಿವರಣೆಗಾರನ ಕಣ್ಣೊಂದೇ. ಇಂಥ ಹೊತ್ತಲ್ಲಿ ಆತ ತೀರ್ಪನ್ನಷ್ಟೇ ಒಪ್ಪಿಸಿದರೆ ಅದು ನಿಷ್ಪಕ್ಷಪಾತವಲ್ಲ, ಸುಳ್ಳುಸಾಕ್ಷಿ. ಬರೀ ಕೂಗಾಡಿದರೂ ಕೇಳುಗ ಕುರುಡನೇ. ಚೆಂಡೆಲ್ಲಿತ್ತು, ಕಾಲೆಲ್ಲಿತ್ತು ಎಂದು ಮೊದಲು ಹೇಳಲಿ, ಸಿಟ್ಟು ಆಮೇಲೆ.

ಆಟ ಮುಗಿದ ಮೇಲೆ ದೃಶ್ಯ ನೋಡಿದ ಜಾಯ್ಸ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು. ಅಂಪೈರೇ ಆಡಿದ ಸತ್ಯವನ್ನು ಮೈಕ್ ಹಿಡಿದವನೇಕೆ ನುಂಗಬೇಕು?