ಡ್ರೈವರಿಗೊಂದು ವೈಫೈ ಯಾಕ್ರೀ?

ಮೊನ್ನೆ ಭಾನುವಾರ ಲಿನಕ್ಸ್ ಕರ್ನೆಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದರೆ ವೈಫೈ ಮಾಯ! ನನ್ನ ಯುಎಸ್‌ಬಿ ಡಾಂಗಲ್ ಮಾಡಿದ ಕಂಪನಿ (ಹೆಸರು ಬೇಡ ಬಿಡಿ) ಡ್ರೈವರನ್ನು ಕರ್ನೆಲ್ಲಿಗೆ ಸೇರಿಸುವ ಗೋಜಿಗೆ ಹೋಗದೆ ಜಿಪ್ ಮಾಡಿ ತನ್ನ ತಾಣದಲ್ಲಿ ಎಸೆದಿದೆ. ಬಿಚ್ಚಿ ನೋಡಿದೆ. ಚಿಪ್ಪಿನ ಜೊತೆ ಮಾತಾಡುವ ಕೋಡ್ ಎಲ್ಲೋ ಒಂದು ಮೂಲೆಯಲ್ಲಿ. ಉಳಿದದ್ದೆಲ್ಲ ಆಕ್ಸೆಸ್ ಪಾಯಿಂಟ್ ಹುಡುಕುವುದು, ಅದಕ್ಕೆ ಸೇರಿಕೊಳ್ಳುವುದು, ತುಂಡಾಗಿ ಬಂದ ಫ್ರೇಮುಗಳನ್ನು ಜೋಡಿಸುವುದು... ಇಡೀ 802.11 ಸಂಸಾರವನ್ನೇ ಮತ್ತೊಮ್ಮೆ ಹೂಡಿದ್ದಾರೆ!

ಇದೆಲ್ಲ ಕರ್ನೆಲ್ಲಿನಲ್ಲಿ ಆಗಲೇ ಇದೆ ಸ್ವಾಮಿ. 2007ರ ಜುಲೈಯಲ್ಲಿ ಬಂದ 2.6.22ರಿಂದಲೇ ಮ್ಯಾಕ್80211 ಅನ್ನುವ ಎಲ್ಲರ ಚೌಕಟ್ಟು ಇದೆ. ರಿಜಿಸ್ಟರ್, ಡಿಎಂಎ, ಫರ್ಮ್‌ವೇರ್ ತುಂಬುವುದು ಡ್ರೈವರಿನ ಪಾಲು. ಚಿಪ್ಪು ಬದಲಾದರೆ ಬದಲಾಗುವಂಥದ್ದು ಡ್ರೈವರಿನಲ್ಲಿರಲಿ, ಐಇಇಇ ಮಾನಕ ಬದಲಾದರೆ ಬದಲಾಗುವಂಥದ್ದು ಚೌಕಟ್ಟಿನಲ್ಲಿರಲಿ. ಇಷ್ಟೇ ನಾನು ಕೇಳೋದು.

"ವಿಂಡೋಸಿಗೂ ಲಿನಕ್ಸಿಗೂ ಒಂದೇ ಕೋಡ್ ಇದ್ದರೆ ನಮಗೆ ಖರ್ಚು ಕಡಿಮೆ" ಅನ್ನುತ್ತಾರೆ. ನಿಜ, ಅವರಿಗೆ ಕಡಿಮೆ. ಆದರೆ ಕರ್ನೆಲ್ಲಿನ ಒಳಗಿನ ಎಪಿಐ ಹೀಗೇ ಇರುತ್ತದೆ ಅಂತ ಯಾರೂ ಭಾಷೆ ಕೊಟ್ಟಿಲ್ಲ. ಕರ್ನೆಲ್ಲಿನ ಒಳಗಿರುವ ಡ್ರೈವರುಗಳನ್ನು ಎಪಿಐ ಬದಲಿಸಿದವರೇ ತಿದ್ದುತ್ತಾರೆ. ಹೊರಗಿನದನ್ನು? ಭಾನುವಾರ ಕೂತು ನಾನು ತಿದ್ದಬೇಕು!

ಭಾನುವಾರ ಹಾಳಾದರೆ ಹೋಗಲಿ. 2021ರ ಮೇ ತಿಂಗಳಲ್ಲಿ ಫ್ರಾಗ್‌ಅಟ್ಯಾಕ್ಸ್ ಬಂತಲ್ಲ, ಬೇರೆ ಬೇರೆ ಕೀಗಳಿಂದ ಗೂಢಲಿಪೀಕರಿಸಿದ ತುಂಡುಗಳನ್ನೂ ಸಾಧನಗಳು ಒಂದೇ ಫ್ರೇಮಾಗಿ ಹೊಲಿದುಬಿಡುತ್ತಿದ್ದವು. ಮ್ಯಾಕ್80211ರಲ್ಲಿ ತೇಪೆ ಬಿದ್ದಾಗ, ಜೋಡಣೆಯನ್ನು ಅದಕ್ಕೇ ಬಿಟ್ಟಿದ್ದ ಡ್ರೈವರುಗಳೆಲ್ಲ ಒಟ್ಟಿಗೇ ಬಚಾವಾದವು. ಜೋಡಣೆ ತಾವೇ ಮಾಡುವ ಡ್ರೈವರ್, ಫರ್ಮ್‌ವೇರ್‌ಗಳನ್ನು ಒಂದೊಂದಾಗಿ ಹಿಡಿದು ನೋಡಬೇಕಾಯಿತು. ಜಿಪ್ ಕಡತದಲ್ಲಿ ಮಲಗಿರುವ ಡ್ರೈವರನ್ನು ನೋಡುವವರು ಯಾರು?

ಹಾಗಂತ ಚೌಕಟ್ಟೇ ಎಲ್ಲವನ್ನೂ ನುಂಗಬೇಕು ಅಂತಲ್ಲ. ಯಾವ ವೇಗದಲ್ಲಿ ಕಳಿಸಬೇಕು ಅನ್ನುವುದನ್ನು ಮ್ಯಾಕ್80211ರ ಮಿನ್‌ಸ್ಟ್ರೆಲ್ ನಿರ್ಧರಿಸುತ್ತದೆ, ಆದರೆ "ಅದು ನಾನೇ ನೋಡಿಕೊಳ್ಳುತ್ತೇನೆ" ಅಂತ ಒಂದು ಫ್ಲಾಗ್ ಎತ್ತಿದ ಡ್ರೈವರಿಗೆ ದಾರಿ ಬಿಡುತ್ತದೆ. ಇಂಟೆಲ್ಲಿನ ಐಡಬ್ಲ್ಯೂಎಲ್‌ವೈಫೈ ಹಾಗೇ ಮಾಡುವುದು. ಸಂಸಾರವೆಲ್ಲ ಚಿಪ್ಪಿನೊಳಗೇ ಇದ್ದರೆ ಮ್ಯಾಕ್80211 ದಾಟಿ ನೇರ ಸಿಎಫ್‌ಜಿ80211 ಜೊತೆ ಮಾತಾಡಬಹುದು. ಇಷ್ಟು ಬಾಗಿಲು ತೆರೆದಿಟ್ಟ ಮೇಲೂ ಗೋಡೆ ಒಡೆದು ಬರುತ್ತೇನೆ ಅಂದರೆ ಏನು ಹೇಳೋಣ.

ಕನ್ನಡದಲ್ಲಿ ಕುಟ್ಟುವ ನಮಗಂತೂ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಒಂದು ತಂತ್ರಾಂಶದ ಫಾಂಟಿನಲ್ಲಿ ಟೈಪಿಸಿದ ಕತೆ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ ಆಗುತ್ತಿದ್ದ ಕಾಲ ನೆನಪಿದೆಯಲ್ಲ? ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವುದು ಯುನಿಕೋಡಿಗೆ ಹೋಯಿತು, ಒತ್ತಕ್ಷರ ಎಷ್ಟು ಚೆಂದ ಬರೆಯಬೇಕು ಅನ್ನುವುದು ಫಾಂಟ್ ಮಾಡುವವರಿಗೇ ಉಳಿಯಿತು. ಅವರ ಅಂಗಡಿಯೇನೂ ಮುಚ್ಚಲಿಲ್ಲ :-)

ಆ ಡಾಂಗಲ್ ಈಗ ಡ್ರಾಯರಿನಲ್ಲಿದೆ. ಮುಂದಿನದನ್ನು ಕೊಳ್ಳುವ ಮೊದಲು, ಅದರ ಚಿಪ್ಪಿನ ಡ್ರೈವರ್ ಕರ್ನೆಲ್ಲಿನೊಳಗೇ ಇದೆಯಾ ಅಂತ ನೋಡುತ್ತೇನೆ. ಲಿನಕ್ಸಿನಲ್ಲಿ ತಕರಾರಿಲ್ಲದೆ ಓಡುತ್ತಿರುವ ಡಾಂಗಲ್ ನಿಮ್ಮ ಹತ್ತಿರ ಇದ್ದರೆ ಅದರ ಚಿಪ್ಪು ಯಾವುದು ಅಂತ ತಿಳಿಸಿ, ಪುಣ್ಯ ಬರುತ್ತೆ.