ಮಾಳಿಗಿ ಮ್ಯಾಲಿನ ಕನೆಕ್ಟರ್ ಯಾರೂ ನೋಡಂಗಿಲ್ಲ

1/7
ಸ್ವಲ್ಪ ಉದ್ದ ಐತಿ, ಏಳು ಪೋಸ್ಟ್. ಆದ್ರ ಮನಿ ಮ್ಯಾಲೆ ಸೋಲಾರ್ ಹಾಕಿಸಿದವರು, ಹಾಕಿಸಬೇಕಂತ ಅಪ್ಪನ ತಲಿ ತಿನ್ನಾಕ ಹತ್ತಿದವರು ಪೂರ್ತಿ ಓದ್ರಿ.

ಹೋದ ಮೇ ತಿಂಗಳು. ಮೂಡಲಗಿ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಕಾಕಾನ ಮನೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಣಗಲು ಹಾಕಿದ್ದ ಶಂಡಗಿ ನೋಡಾಕ ಕಾಕು ಮಾಳಿಗಿ ಹತ್ತಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಯಾರೋ ಹೊಲದಾಗ ಪೈಪ್ ಸುಡಾಕ ಹತ್ಯಾರ ಅಂದುಕೊಂಡರಂತೆ. ಬಗ್ಗಿ ನೋಡಿದರೆ ಪ್ಯಾನಲ್ ಸಾಲಿನ ತುದಿಯಲ್ಲಿ, ಅಡಿಗೆ, ಹೆಬ್ಬೆರಳಿನಷ್ಟು ದಪ್ಪದ ಕರಿ ಕನೆಕ್ಟರ್ ಒಂದು ಕರಗಿ ಜೋತುಬಿದ್ದಿತ್ತು. ಅದರಿಂದ ಎರಡು ಅಡಿ ದೂರದಲ್ಲಿ, ಮಳೆಗಾಲಕ್ಕಂತ ನೆರಳಿಗೆ ಒಟ್ಟಿಟ್ಟಿದ್ದ ಕುಳ್ಳಿನ ರಾಶಿ.

ಕಾಕಾ ಓಡಿ ಹೋಗಿ ಮನೆಯ ಮೇನ್ ಸ್ವಿಚ್ ತೆಗೆದರು. ಆಮೇಲೆ ಮೇಲೆ ಬಂದು ಆ ಕನೆಕ್ಟರ್ ಕಿತ್ತು ಹಾಕಾಕ ಕೈ ಚಾಚಿದರು. ಬಾಜೂ ಮನಿಯ ಎಲೆಕ್ಟ್ರಿಷಿಯನ್ ಅಣ್ಣ ತನ್ನ ಮಾಳಿಗಿಯಿಂದಲೇ ಒದರಿದ: "ಕಾಕಾ, ಕೈ ಹಚ್ಚಬ್ಯಾಡ್ರಿ! ಮೇನ್ ತಗದ್ರ ಅದು ಸಾಯಂಗಿಲ್ಲ!"

ಅವ ಬಂದು ಮೊದಲು ಇನ್ವರ್ಟರ್ ಬಂದ್ ಮಾಡಿದ, ಆಮೇಲೆ ಅದರ ಪಕ್ಕದ ಡಿಸಿ ಐಸೊಲೇಟರ್ ತಿರುವಿದ. ಕುಳ್ಳು ದೂರ ಸರಿಸಿದ. ಆ ಕನೆಕ್ಟರ್ ಮುಟ್ಟಲಿಲ್ಲ. ಹೊತ್ತು ಮುಳುಗಿ ಪೂರ್ತಿ ಕತ್ತಲಾದ ಮೇಲೆ ಮತ್ತೆ ಬಂದು ಅದನ್ನ ತೆಗೆದ.

2/7
ಈಗ ನನ್ನ ಪಾಲಿನ ಮಾತು. ಆ ಸೋಲಾರ್ ಯಾರ ಹತ್ತಿರ ಹಾಕಿಸಬೇಕು ಅಂತ ಆರಿಸಿದ್ದು ನಾನೇ.

ಬಿಕಾಂ ಓದೋ ಹುಡುಗ ಮನ್ಯಾಗಿದ್ರ ಲೆಕ್ಕದ ಕೆಲಸ ಎಲ್ಲಾ ಅವಂದೇ. ಕಾಕಾ ಮೂರು ಕೊಟೇಶನ್ ತಂದು ಕೊಟ್ಟರು. ನಾನು ಎಕ್ಸೆಲ್‌ನಲ್ಲಿ ಚಂದಂಗ ಟೇಬಲ್ ಮಾಡಿದೆ. 3 ಕಿಲೋವ್ಯಾಟ್, ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ರೂಪಾಯಿ ಕಳೆದು, ಕೈಯಿಂದ ಹೋಗೋದು ಎಷ್ಟು, ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ, ಎಲ್ಲಾ ಹಾಕಿದ್ದೆ. ಮೂರರಲ್ಲೂ ಪ್ಯಾನಲ್ ಕಂಪನಿ ಒಂದೇ, ಇನ್ವರ್ಟರ್ ಕೂಡ ಒಂದೇ. ಆದರೂ ಒಂದು ಕೊಟೇಶನ್ 14,000 ರೂಪಾಯಿ ಕಡಿಮೆ. ಅದನ್ನ ಹಸಿರು ಬಣ್ಣದಲ್ಲಿ ಹೈಲೈಟ್ ಮಾಡಿ ಕಾಕಾಗೆ ಕಳಿಸಿದೆ. ಶಾಣ್ಯಾ ಅನ್ನಿಸಿಕೊಂಡೆ.

ಮಾಲು ಒಂದೇ ಆದರೆ ಆ 14,000 ಎಲ್ಲಿಂದ ಉಳೀತು ಅಂತ ಕೇಳಬೇಕಿತ್ತು. ಕಾಸ್ಟಿಂಗ್ ಓದೋನು ಕೇಳಲೇಬೇಕಾದ ಪ್ರಶ್ನೆ ಅದು. ಕೊಟೇಶನ್‌ನ ಕೊನೆಯ ಸಾಲು ಹೀಗಿತ್ತು: "ಬ್ಯಾಲೆನ್ಸ್ ಆಫ್ ಸಿಸ್ಟಮ್, 1 ಸೆಟ್." ಕೇಬಲ್, ಕನೆಕ್ಟರ್, ಡಿಸಿ ಬಾಕ್ಸ್, ಸರ್ಜ್ ತಡೆಯೋ ಎಸ್‌ಪಿಡಿ, ಅರ್ಥಿಂಗ್, ಪೈಪು, ಕೂಲಿ, ಎಲ್ಲಾ ಆ ಒಂದೇ ಸಾಲಿನಲ್ಲಿ. ಯಾವ ಕಂಪನಿ, ಎಷ್ಟು ಮೀಟರ್, ಎಷ್ಟು ದಪ್ಪ, ಏನೂ ಇಲ್ಲ. ಉಳಿತಾಯ ಎಲ್ಲಾ ಅಲ್ಲೇ ಆಗಿತ್ತು. ಸುಟ್ಟಿದ್ದೂ ಅಲ್ಲೇ.

ಎಲೆಕ್ಟ್ರಿಷಿಯನ್ ಅಣ್ಣ ತೋರಿಸಿದ: ಕನೆಕ್ಟರಿನ ಗಂಡು ಭಾಗ ಒಂದು ಕಂಪನಿದು, ಹೆಣ್ಣು ಭಾಗ ಇನ್ನೊಂದು ಕಂಪನಿದು. ಒಳಗಿನ ಪಿನ್ ಅನ್ನು ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಲ್ಲ, ಪಕ್ಕಡದಿಂದ ಅಮುಕಿದ್ದಾರೆ. ಹಾಕಿದವರಿಗೆ ಫೋನ್ ಮಾಡಿದರೆ, "ವಾರಂಟಿ ಪ್ಯಾನಲ್‌ಗೆ ಐತ್ರಿ, ಕನೆಕ್ಟರ್‌ಗೆ ಅಲ್ಲ" ಅಂದರು. ಒಳ್ಳೆ ಕಂಪನಿಯ ಒಂದು ಜೋಡಿ ಕನೆಕ್ಟರ್ ನಮ್ಮ ಒಂದು ತಿಂಗಳ ಮೊಬೈಲ್ ರಿಚಾರ್ಜ್‌ಗಿಂತ ಅಗ್ಗ.

3/7
ಮೇನ್ ತೆಗೆದರೂ ಯಾಕೆ ಸಾಯಂಗಿಲ್ಲ? ಇದು ನನಗೂ ಗೊತ್ತಿರಲಿಲ್ಲ.

ಹೆಸ್ಕಾಂ ಲೈನಿನಿಂದ ಬರೋದು ಎಸಿ ಕರೆಂಟ್. ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಏರುತ್ತದೆ. ಹಾಗಾಗಿ ಸಡಿಲ ಜೋಡಣೆಯಲ್ಲಿ ಕಿಡಿ ಹೊತ್ತಿದರೂ ಆ ಸೊನ್ನೆಯ ಹೊತ್ತಿಗೆ ಆರಿಹೋಗುವ ಸಾಧ್ಯತೆ ಇರುತ್ತದೆ. ಪ್ಯಾನಲ್‌ನಿಂದ ಬರೋದು ಡಿಸಿ. ಅದಕ್ಕೆ ಸೊನ್ನೆ ಅನ್ನೋದೇ ಇಲ್ಲ. ಒಮ್ಮೆ ಕಿಡಿ ಹತ್ತಿತಂದ್ರ ವೆಲ್ಡಿಂಗ್ ಮಾಡಿದಂಗ ನಿಂತು ಉರಿಯುತ್ತದೆ. ಇದಕ್ಕೆ ಡಿಸಿ ಆರ್ಕ್ ಅಂತಾರ. 540 ವ್ಯಾಟ್‌ನ ಆರು ಪ್ಯಾನಲ್ ಸಾಲಾಗಿ ಜೋಡಿಸಿದರೆ ಬಿಸಿಲಲ್ಲಿ ಆ ತಂತಿಯಲ್ಲಿ ಸುಮಾರು 250ರಿಂದ 300 ವೋಲ್ಟ್ ಇರುತ್ತದೆ. ಬಿಸಿಲು ಇರುವ ತನಕ ಅದು ಜೀವಂತ ತಂತಿ. ಲೈನ್ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ, ಖರೆ. ಆದರೆ ಪ್ಯಾನಲ್‌ನಿಂದ ಇನ್ವರ್ಟರ್ ತನಕದ ತಂತಿಯನ್ನು ಮನೆಯ ಯಾವ ಮೇನ್ ಸ್ವಿಚ್ಚೂ ಆರಿಸಲ್ಲ. ಕಾಕಾ ಕನೆಕ್ಟರ್ ಎಳೆದಿದ್ದರೆ ಕೈಯಲ್ಲೇ ಆರ್ಕ್ ಆಗಬಹುದಿತ್ತು.

ಇನ್ನೊಂದು ಸಂಗತಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮನ್ಯಾಗ ಶಾರ್ಟ್ ಆದ್ರ ಎಂಸಿಬಿ ಬೀಳತೈತಿ ಅಂತ ನಾವು ನಂಬಿಕೊಂಡಿರ್ತೇವಿ. ಲೈನಿನಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ, ಅದಕ್ಕೇ ಎಂಸಿಬಿ ಬೀಳೋದು. ಸೋಲಾರ್ ಪ್ಯಾನಲ್ ದಿನಾ ಕೊಡುವ ಕರೆಂಟ್ 13 ಆಂಪಿಯರ್ ಆಸುಪಾಸು ಇದ್ದರೆ, ಶಾರ್ಟ್ ಆದಾಗಲೂ ಅದಕ್ಕಿಂತ ಒಂದು ಚೂರು ಮಾತ್ರ ಜಾಸ್ತಿ. ಫ್ಯೂಸಿಗೆ ಎಲ್ಲಾ ಸರಿ ಐತಿ ಅನ್ನಿಸುತ್ತದೆ. ಹಾಗಾಗಿ ಅಲ್ಲಿ ನಮ್ಮನ್ನು ಕಾಯೋದು ಫ್ಯೂಸ್ ಅಲ್ಲ, ಜೋಡಣೆ ಮಾಡಿದವನ ಕೈ.

4/7
ಈಗ ಯಾರಾದರೂ ಡಿಎಂ ಮಾಡಿ "ಹಂಗಾರ ಸೋಲಾರ್ ಬ್ಯಾಡ ಅಂತೀಯೇನು?" ಅಂತ ಕೇಳತೀರಿ. ಇಲ್ಲ. ಬೇಕು ಅಂತೇನಿ.

ಜರ್ಮನಿಯಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರು ಇದನ್ನು ಕೂತು ಲೆಕ್ಕ ಹಾಕಿದ್ದಾರೆ. ದೊಡ್ಡ ಹಾನಿ ಮಾಡಿದ ಬೆಂಕಿಗೆ ಕಾರಣವಾದ ಸೋಲಾರ್ ಘಟಕಗಳು ಅಲ್ಲಿ ಶೇಕಡಾ 0.006 ಮಾತ್ರ. ಲಕ್ಷಕ್ಕೆ ಆರು. ಆದರೆ ಅದೇ ವರದಿಯಲ್ಲಿ ಕಾರಣವನ್ನೂ ಬರೆದಿದ್ದಾರೆ: ಅನುಭವ ಇಲ್ಲದ ತಂಡಗಳು ಗುತ್ತಿಗೆ ಲೆಕ್ಕದಲ್ಲಿ ಗಡಿಬಿಡಿಯಿಂದ ಕೆಲಸ ಮುಗಿಸೋದು, ಸರಿಯಾದ ಟೂಲ್ ಬಿಟ್ಟು ಪಕ್ಕಡದಲ್ಲಿ ಕನೆಕ್ಟರ್ ಒತ್ತೋದು, ಒಂದಕ್ಕೊಂದು ಹೊಂದದ ಕನೆಕ್ಟರ್ ಸೇರಿಸೋದು. ಅದನ್ನ ಓದಿದಾಗ ನಕ್ಕೆ. ಜರ್ಮನಿ ಪಕ್ಕಡಕ್ಕೂ ನಮ್ಮ ಮೂಡಲಗಿ ಪಕ್ಕಡಕ್ಕೂ ಏನೂ ಫರಕ್ ಇಲ್ಲ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2019ರ ಆಗಸ್ಟ್‌ನಲ್ಲಿ ವಾಲ್‌ಮಾರ್ಟ್ ಕಂಪನಿ ಟೆಸ್ಲಾ ಮೇಲೆ ಕೇಸ್ ಹಾಕಿತು. ನಮ್ಮ ಏಳು ಅಂಗಡಿಗಳ ಚಾವಣಿಯಲ್ಲಿ ನಿಮ್ಮ ಸೋಲಾರ್‌ನಿಂದ ಬೆಂಕಿ ಬಿದ್ದಿದೆ, ಅಳವಡಿಕೆ ಮತ್ತು ತಪಾಸಣೆ ಎರಡರಲ್ಲೂ ನಿರ್ಲಕ್ಷ್ಯ ಆಗಿದೆ ಅಂತ ಆರೋಪ. ಅದೇ ವರ್ಷ ನವೆಂಬರ್‌ನಲ್ಲಿ ರಾಜಿ ಆಯಿತು. ವಾಲ್‌ಮಾರ್ಟ್‌ಗೆ ವಕೀಲರಿದ್ದರು. ನಮ್ಮ ಕಾಕಾಗೆ ಇದ್ದವನು ನಾನು, ನನ್ನ ಎಕ್ಸೆಲ್.

5/7
ಜರ್ಮನಿ ಲೆಕ್ಕವನ್ನು ಇದ್ದಂಗೇ ನಮಗೆ ಹಚ್ಚಾಕ ಬರಂಗಿಲ್ಲ. ಯಾಕಂದ್ರ ಅವರ ಚಾವಣಿ ಮೇಲೆ ಯಾರೂ ಏನೂ ಇಡಂಗಿಲ್ಲ. ನಮ್ಮ ಮಾಳಿಗಿ ಅಂದ್ರ ಮನೆಯ ಇನ್ನೊಂದು ಕೋಣಿ.

ಮೆಣಸಿನಕಾಯಿ, ಹಪ್ಪಳ, ಗೋಂಜಾಳ ತೆನಿ, ಕುಳ್ಳು, ಖಾಲಿ ಚೀಲ, ಹಳೇ ಗಾದಿ. ಪ್ಯಾನಲ್ ಕೆಳಗೆ ನೆರಳು ಬಿತ್ತು ಅಂದಕೂಡಲೇ ಅದು ಸ್ಟೋರ್ ರೂಮ್ ಆಗಿಬಿಡುತ್ತದೆ. ದನದ ಕೊಟ್ಟಿಗೆಯ ತಗಡಿನ ಮೇಲೆ ಪ್ಯಾನಲ್ ಹಾಕಿಸಿ, ಒಳಗೆ ಅಟ್ಟದ ತುಂಬ ಕಣಕಿ ಒಟ್ಟಿದವರೂ ಇದ್ದಾರೆ. ಮೇಲೆ ಗಾಳಿಗೆ ಕೇಬಲ್ ಅಲುಗಾಡಿ ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸುಲಿದರೆ, ಆಷಾಢದ ಗಾಳಿ ಅದಕ್ಕೆ ಒಂದೇ ತಿಂಗಳು ಸಾಕು. ಗೋಕಾಕ ಫಾಲ್ಸ್ ಕಡೆಯವರು ಮಂಗ್ಯಾನ ಕಾಟ ನನಗಿಂತ ಚೆನ್ನಾಗಿ ಬಲ್ಲರು. ಪೈಪಿನೊಳಗೆ ಹಾಕದೇ ಬಿಟ್ಟ ಕೇಬಲ್ ಅದಕ್ಕೆ ಜೋಕಾಲಿ. ಇಲಿ, ಅಳಿಲು ಬೇರೆ.

ಕಬ್ಬಿನ ಸೀಸನ್ ನೆನಪಿಸಿಕೊಳ್ರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ನಾಡು. ಫ್ಯಾಕ್ಟರಿ ಶುರುವಾದರೆ ಒಣ ಹಾಕಿದ ಬಿಳಿ ಅಂಗಿ ಮೇಲೆ ಕರಿ ಬೂದಿ ಕೂರುತ್ತದೆ. ಅದೇ ಬೂದಿ ಪ್ಯಾನಲ್ ಮೇಲೂ ಕೂರುತ್ತದೆ. ಪ್ಯಾನಲ್‌ನ ಒಂದು ಮೂಲೆ ಮಾತ್ರ ಮುಚ್ಚಿದರೆ ಆ ಭಾಗದ ಸೆಲ್ ಕರೆಂಟ್ ಕೊಡುವ ಬದಲು ತಾನೇ ಕಾಯಾಕ ಶುರು ಮಾಡುತ್ತದೆ. ಹಾಟ್‌ಸ್ಪಾಟ್ ಅಂದ್ರ ಇದೇ. ಹಕ್ಕಿ ಹಿಕ್ಕಿ, ಟಿವಿ ಡಿಶ್ಶಿನ ನೆರಳು ಮಾಡೋದೂ ಇದೇ ಕೆಲಸ. ತೊಳೀಬೇಕು. ಆದರೆ ಬೆಳಿಗ್ಗೆ ಬಿಸಿಲೇರುವ ಮುಂಚೆ; ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿದರೆ ಗಾಜೇ ಸೀಳಬಹುದು. ಇನ್ನು ಸೀಸನ್ ಮುಗಿದ ಮೇಲೆ ಹೊಲದಾಗ ರವದಿಗೆ ಬೆಂಕಿ ಹಚ್ತಾರಲ್ಲ, ಆ ಕಿಡಿ ಗಾಳಿಗೆ ಎಲ್ಲಿಗೆ ಬರತೈತಿ ಅಂತ ಹೇಳಾಕ ಬರಂಗಿಲ್ಲ. ಪ್ಯಾನಲ್ ಕೆಳಗೆ ಚೀಲ, ಕುಳ್ಳು ಇಲ್ಲದಿದ್ದರೆ ಅದು ಬಿದ್ದು ಆರಿಹೋಗುತ್ತದೆ.

ಒಂದು ಕೆಟ್ಟ ಚಟ ಎಲ್ಲರ ಮನೆಯಲ್ಲೂ ಐತಿ. ಮಳೆ ಬಂದ ಮರುದಿನ ಇನ್ವರ್ಟರ್‌ನಲ್ಲಿ ಕೆಂಪು ದೀಪ, ಪರದೆ ಮೇಲೆ ಇನ್ಸುಲೇಶನ್ ಫಾಲ್ಟ್ ಅಂತ ಬರುತ್ತದೆ. ನಾವು ಆಫ್ ಮಾಡಿ ಆನ್ ಮಾಡ್ತೇವಿ. ಬಿಸಿಲಿಗೆ ಒಣಗಿದ ಮೇಲೆ ದೀಪ ಹಸಿರಾಗುತ್ತದೆ. "ಸರಿ ಆತು ನೋಡು." ಸರಿ ಆಗಿಲ್ಲ. ಎಲ್ಲೋ ತಂತಿ ಸುಲಿದಿದೆ ಅಥವಾ ಕನೆಕ್ಟರ್ ಒಳಗೆ ನೀರು ಹೋಗಿದೆ ಅಂತ ಅದು ಬಾಯಿಬಿಟ್ಟು ಹೇಳುತ್ತಿತ್ತು.

6/7
ನನ್ನ ಅಭಿಪ್ರಾಯ ಇಷ್ಟೇ: ಕೊನೆಯ ಕಂತು ಕೈಯಲ್ಲಿರೋ ತನಕ ಮಾತ್ರ ಗಿರಾಕಿಯ ಮಾತಿಗೆ ಬೆಲೆ. ಆ ಕಂತು ಕೊಡೋ ಮೊದಲು ಮಾಳಿಗಿ ಹತ್ರಿ. ಅಪ್ಪ, ಅಜ್ಜ ಹತ್ತಂಗಿಲ್ಲ, ನಾವು ಹತ್ತಬೇಕು.

ಪ್ಯಾನಲ್‌ನಿಂದ ಪ್ಯಾನಲ್‌ಗೆ ಸೇರುವ ಕನೆಕ್ಟರ್ ಫ್ಯಾಕ್ಟರಿಯಲ್ಲೇ ಹಾಕಿದ್ದು, ಅದರಲ್ಲಿ ತೊಂದರೆ ಕಡಿಮೆ. ಸಾಲಿನ ಎರಡು ತುದಿಯಲ್ಲಿ ಮತ್ತು ಇನ್ವರ್ಟರ್ ಹತ್ತಿರ ಇರುವವು ನಿಮ್ಮ ಮನೆಯಲ್ಲೇ ಕೂತು ಮಾಡಿದ್ದು. ಅವನ್ನೇ ನೋಡ್ರಿ. ಎರಡೂ ಅರ್ಧ ಒಂದೇ ಕಂಪನಿದಾ? ಕ್ರಿಂಪಿಂಗ್ ಮಾಡುವಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡ್ರಿ, ರೀಲ್ಸ್ ಹೆಂಗೂ ಮಾಡ್ತೇವಲ್ಲ. ಕ್ಯಾಮೆರಾ ಕಂಡರೆ ಪಕ್ಕಡ ತಾನೇ ಚೀಲದೊಳಗೆ ಹೋಗತೈತಿ. ಡಿಸಿ ಐಸೊಲೇಟರ್ ಎಲ್ಲೈತಿ ಅಂತ ಮನೆಯ ಎಲ್ಲರಿಗೂ, ಅಜ್ಜಿಗೂ ತೋರಿಸಿಸ್ರಿ. ಅರ್ಥಿಂಗ್ ಮತ್ತು ಇನ್ಸುಲೇಶನ್ ಅನ್ನು ಮೀಟರ್ ಹಚ್ಚಿ ಅಳೆದು, ಬಂದ ಅಂಕಿಯನ್ನು ಕಾಗದದ ಮೇಲೆ ಬರೆಸಿ ಸಹಿ ತಗೊಳ್ರಿ. ಇನ್ವರ್ಟರ್ ಅನ್ನು ಮೆಟ್ಟಿಲ ಕೆಳಗೆ ಪೆಟ್ರೋಲ್ ಕ್ಯಾನ್ ಪಕ್ಕ ಹಾಕಾಕ ಬಿಡಬ್ಯಾಡ್ರಿ. ಸೂರ್ಯಘರ್ ಯೋಜನೆಯಲ್ಲಿ ಹಾಕಿದವರೇ 5 ವರ್ಷ ನಿರ್ವಹಣೆ ನೋಡಬೇಕು. ಒಪ್ಪಂದದಲ್ಲಿ ಆ ಸಾಲು ಹುಡುಕಿ ಫೋಟೋ ತೆಗೆದು ಇಟ್ಕೊಳ್ರಿ. ನಾನು ಇದನ್ನ ಓದಿದ್ದು ಕನೆಕ್ಟರ್ ಸುಟ್ಟ ಮೇಲೆ. ಮತ್ತೆ ಫೋನ್ ಮಾಡಿ ಆ ಸಾಲು ಓದಿ ಹೇಳಿದಾಗ ಅವರ ದನಿ ಬದಲಾಯಿತು.

ಹುಕ್ಕೇರಿ ತಾಲೂಕಿನ ದೋಸ್ತರಿಗೆ ಒಂದು ಮಾತು ಬೇರೆ. ಗೋಕಾಕ, ಮೂಡಲಗಿಯವರಿಗೆ ಹೆಸ್ಕಾಂ. ನಿಮ್ಮ ಹಳ್ಳಿಗಳಿಗೆ ಕರೆಂಟ್ ಹಂಚೋದು 1969ರಿಂದ ನಡೆದುಬಂದ ನಿಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಅಂಥದ್ದು ಇರೋದು ಅದೊಂದೇ. 2025ರ ಸೆಪ್ಟೆಂಬರ್‌ನಲ್ಲಿ ಅದರ ಚುನಾವಣೆ ಎಷ್ಟು ಜೋರಾಗಿ ನಡೆಯಿತು ಅಂತ ಜಿಲ್ಲೆಗೆಲ್ಲಾ ಗೊತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಶೇರುದಾರ ಸದಸ್ಯರಿದ್ದರೆ ಅವರು ಬರೀ ಗ್ರಾಹಕರಲ್ಲ, ಮಾಲೀಕರು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಕೇಳಲು ಹೇಳ್ರಿ: ನೆಟ್ ಮೀಟರ್ ಕೂರಿಸಲು ಬಂದವರು ಮಾಳಿಗಿಗೂ ಹತ್ತಿ ಡಿಸಿ ಜೋಡಣೆ ನೋಡಿ ಸಹಿ ಮಾಡೋ ಪದ್ಧತಿ ಮಾಡಬಹುದಾ? ಹಳ್ಳಿಯ ನಾಲ್ಕು ಐಟಿಐ ಹುಡುಗರಿಗೆ ತರಬೇತಿ ಕೊಟ್ಟರೆ ಅವರಿಗೂ ಕೆಲಸ. 1887ರಲ್ಲೇ ಗೋಕಾಕ ಫಾಲ್ಸ್‌ನಲ್ಲಿ ಕರೆಂಟ್ ತಯಾರಿಸಿದ ಸೀಮೆ ನಮ್ಮದು, ಇಷ್ಟು ಮಾಡಾಕ ಬರಂಗಿಲ್ಲೇನು?

7/7
ಬೆಂಕಿ ಬಿದ್ದೇ ಬಿಟ್ಟರೆ? ಮಾಳಿಗಿ ಹತ್ತಬ್ಯಾಡ್ರಿ, ಕೊಡ ತುಂಬಿ ನೀರು ಸುರಿಬ್ಯಾಡ್ರಿ. ಕೈಗೆ ಸುರಕ್ಷಿತವಾಗಿ ಸಿಗುವಂತಿದ್ದರೆ ಇನ್ವರ್ಟರ್, ಆಮೇಲೆ ಡಿಸಿ ಐಸೊಲೇಟರ್ ಬಂದ್ ಮಾಡಿ ಎಲ್ಲರೂ ಹೊರಗೆ. 112ಕ್ಕೆ ಫೋನ್. ಫೋನ್‌ನಲ್ಲೇ ಹೇಳ್ರಿ, "ಮನಿ ಮ್ಯಾಲೆ ಸೋಲಾರ್ ಐತಿ". 2013ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಗೋದಾಮಿಗೆ ಬೆಂಕಿ ಬಿದ್ದಾಗ ಚಾವಣಿಯಲ್ಲಿ 7,000ಕ್ಕೂ ಹೆಚ್ಚು ಪ್ಯಾನಲ್ ಇದ್ದದ್ದರಿಂದ ಅಗ್ನಿಶಾಮಕ ಸಿಬ್ಬಂದಿ ಶಾಕ್‌ಗೆ ಹೆದರಿ ಮೇಲೆ ಹತ್ತಲಾಗಲಿಲ್ಲ. ಅಲ್ಲಿನ ವಿದ್ಯುತ್ ಕೋಡ್‌ನ 2017ರ ಆವೃತ್ತಿಯಲ್ಲಿ, ಸ್ವಿಚ್ ಒತ್ತಿದ 30 ಸೆಕೆಂಡಿನೊಳಗೆ ಮನೆ ಮೇಲಿನ ಪ್ಯಾನಲ್ ಸಾಲಿನ ವೋಲ್ಟೇಜ್ 80ಕ್ಕೆ ಇಳಿಯಬೇಕು ಅಂತ ಬರೆದರು. ನಮ್ಮಲ್ಲಿ ಕನಿಷ್ಠ ಮೀಟರ್ ಬೋರ್ಡ್ ಮೇಲೆ "ಇಲ್ಲಿ ಸೋಲಾರ್ ಇದೆ, ಡಿಸಿ ಸ್ವಿಚ್ ಇಲ್ಲಿದೆ" ಅಂತ ಒಂದು ಸ್ಟಿಕ್ಕರ್ ಅಂಟಿಸಬಹುದು. ಹತ್ತು ರೂಪಾಯಿ ಕೆಲಸ.

ಕಾಮರ್ಸ್‌ನವರಿಗೆ ಒಂದು: 2021ರ ಏಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡ ಅಂದರೆ ಏನು ಅನ್ನೋ ವ್ಯಾಖ್ಯಾನದೊಳಗೇ ಸೋಲಾರ್ ಪ್ಯಾನಲ್ ಸೇರಿದೆ. ನಮ್ಮ ಕಡೆ ಟ್ರ್ಯಾಕ್ಟರ್‌ಗೆ ವಿಮಾ ಐತಿ, ಎಮ್ಮಿಗೆ ಐತಿ, ಮನಿಗೆ ಇಲ್ಲ. ಪ್ರೀಮಿಯಂ ಎಷ್ಟು ಅಂತ ಒಮ್ಮೆ ಕೇಳಿ ನೋಡ್ರಿ.

ನನ್ನ ಎಕ್ಸೆಲ್ ಶೀಟ್ ಹೊಸದಾಗಿ ಮಾಡೇನಿ. "ಬ್ಯಾಲೆನ್ಸ್ ಆಫ್ ಸಿಸ್ಟಮ್" ಅನ್ನೋ ಒಂದು ಸಾಲು ಈಗ ಹನ್ನೊಂದು ಸಾಲು ಆಗೈತಿ. ಬೇಕಾದವರು ಡಿಎಂ ಮಾಡ್ರಿ, ಕಳಸ್ತೇನಿ. ಕಾಕಾನ ಮಾಳಿಗಿ ಮೇಲೆ ಕೈಯಿಂದ ಮಾಡಿದ ನಾಲ್ಕು ಜೋಡಣೆಗಳಲ್ಲಿ ಮೂರು ಬದಲಾಗಿವೆ. ನಾಲ್ಕನೇದು ಇನ್ವರ್ಟರ್ ಹತ್ತಿರ ಉಳಿದೈತಿ, ಈ ಭಾನುವಾರ ಸಂಜೆ ಎಲೆಕ್ಟ್ರಿಷಿಯನ್ ಅಣ್ಣ ಬರ್ತೇನಿ ಅಂದಾನ. ಕುಳ್ಳು ಮಾತ್ರ ಕಾಕು ಇನ್ನೂ ಅದೇ ಮಾಳಿಗಿ ಮೇಲೆ, ಇನ್ನೊಂದು ಮೂಲಿಗೆ ಒಟ್ಟ್ಯಾರ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಮಾಳಿಗಿಸೋಲಾರ್