ಆಕಾಶದಿಂದ ಇಳಿಯುವ ಪಡಿತರ

ಹಳ್ಳಿಗಳ ಇಂಟರ್ನೆಟ್ ಬರ ಇನ್ನೇನು ನೀಗಿತು ಎಂಬ ಸಂಭ್ರಮದ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ತಂತಿ ಬೇಡ, ಕಂಬ ಬೇಡ, ಟವರಿಗಾಗಿ ಅರ್ಜಿ ಹಿಡಿದು ಅಲೆಯುವುದೂ ಬೇಡ. ಮಾಡಿನ ಮೇಲೊಂದು ಡಿಶ್ ಕೂರಿಸಿದರೆ ಸಾಕು, ಉಪಗ್ರಹವು ನೇರವಾಗಿ ಮನೆಗೇ ಇಂಟರ್ನೆಟ್ ಇಳಿಸುತ್ತದೆಯಂತೆ. 2025ರ ಜೂನ್‌ನಲ್ಲಿ ಅಮೆರಿಕದ ಸ್ಟಾರ್‌ಲಿಂಕ್ ಕಂಪೆನಿಗೆ ಕೇಂದ್ರ ಸರಕಾರ ಪರವಾನಿಗೆ ಕೊಟ್ಟ ಬಳಿಕವಂತೂ ಈ ಮಾತಿಗೆ ರೆಕ್ಕೆ ಬಂದಿದೆ. ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಲೆನಾಡಿನ, ಕರಾವಳಿಯ ಜನರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇರೇನಿದೆ ಎಂದು ಕೇಳುವವರಿದ್ದಾರೆ. ನಾವು ಉಪಗ್ರಹದ ವಿರೋಧಿಗಳಲ್ಲ. ಆದರೆ ಈ ಸಿಹಿ ಹಂಚುತ್ತಿರುವವರು ಒಂದು ಮಾತನ್ನು ಬೇಕೆಂದೇ ನುಂಗಿಕೊಳ್ಳುತ್ತಿದ್ದಾರೆ. ಆಕಾಶದಿಂದ ಇಳಿಯಲಿರುವುದು ಅಳೆದು ಕೊಡುವ ಪಡಿತರ. ಯಾರಿಗೆ ಎಷ್ಟು ಪಾವು, ಅಳತೆ ಮುಗಿದರೆ ಏನು ಗತಿ, ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಎಂಬುದನ್ನು ಈಗಲೇ ಕೇಳಬೇಕಾಗಿದೆ.

ಮೊದಲು ಲೆಕ್ಕ ನೋಡೋಣ. ಉಪಗ್ರಹವೊಂದರ ಸಾಮರ್ಥ್ಯ ಊರ ಬಾವಿಯಂತೆ. ಎಷ್ಟು ಕೊಡ ಇಳಿಸಿದರೂ ಇರುವ ನೀರು ಅಷ್ಟೇ. ನೆಲದಡಿಯ ಆಪ್ಟಿಕಲ್ ಫೈಬರ್ ಸಾಲದಾದರೆ ಪಕ್ಕದಲ್ಲೇ ಇನ್ನೊಂದು ಎಳೆ ಹಾಕಬಹುದು, ತುದಿಯ ಯಂತ್ರ ಬದಲಿಸಿ ಅದೇ ಎಳೆಯಲ್ಲಿ ಹಲವು ಪಟ್ಟು ಹೆಚ್ಚು ಹರಿಸಬಹುದು. ಮೇಲೆ ಹೋದ ಉಪಗ್ರಹವನ್ನು ಹಾಗೆ ಹಿಗ್ಗಿಸಲಾಗದು. 2024ರ ನವೆಂಬರ್‌ನಲ್ಲಿ ಉಡಾವಣೆಗೊಂಡ ನಮ್ಮ ಜಿಸ್ಯಾಟ್-ಎನ್2 ಉಪಗ್ರಹವನ್ನು ಬ್ರಾಡ್‌ಬ್ಯಾಂಡ್ ಸೇವೆಗೆಂದೇ ರೂಪಿಸಲಾಗಿದೆ. ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಕೇಳಲು ದೊಡ್ಡ ಸಂಖ್ಯೆಯೇ. ಆದರೆ 2011ರ ಜನಗಣತಿ ಲೆಕ್ಕ ಹಾಕಿದ 6.4 ಲಕ್ಷ ಹಳ್ಳಿಗಳಿಗೆ ಇದನ್ನು ಸಮನಾಗಿ ಹಂಚಿದರೆ ಒಂದು ಹಳ್ಳಿಯ ಪಾಲಿಗೆ ಬರುವುದು ಸೆಕೆಂಡಿಗೆ 75 ಕಿಲೋಬಿಟ್. ಹಿಂದೆ ದೂರವಾಣಿ ತಂತಿಗೆ ಸಿಕ್ಕಿಸಿ ಕಿರುಗುಟ್ಟಿಸುತ್ತಿದ್ದ ಮೋಡೆಮ್‌ನ ವೇಗಕ್ಕಿಂತ ತುಸು ಹೆಚ್ಚು, ಅದೂ ಇಡೀ ಹಳ್ಳಿಗೆ! ಸಾಲದ್ದಕ್ಕೆ ಈ ಬಾವಿಯಲ್ಲಿ ವಿಮಾನ ಪ್ರಯಾಣಿಕರಿಗೂ ಪಾಲಿದೆ. ಎಲ್ಲ ಹಳ್ಳಿಗಳೂ ಉಪಗ್ರಹವನ್ನೇ ನೆಚ್ಚಿಲ್ಲ, ಎಲ್ಲರೂ ಒಂದೇ ಗಳಿಗೆಯಲ್ಲಿ ಬಳಸುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ಈ ಲೆಕ್ಕ ನೆನಪಿಸದೆ ಬಿಡದು.

ಆ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವವು, ಸ್ಟಾರ್‌ಲಿಂಕಿನವು 550 ಕಿ.ಮೀ. ಆಸುಪಾಸಿನಲ್ಲಿ ಸಾವಿರಗಟ್ಟಲೆ ಸುತ್ತುತ್ತಿವೆ, ಆದ್ದರಿಂದ ಹಳೆಯ ಕೊರತೆ ಇಲ್ಲಿಲ್ಲ ಎಂದು ವಾದಿಸುವವರಿದ್ದಾರೆ. ವಿಳಂಬ ತಗ್ಗಿದೆ, ವೇಗ ಹೆಚ್ಚಿದೆ ಎಂಬುದು ನಿಜ. ಆದರೆ ಒಂದು ಪ್ರದೇಶದ ಮೇಲೆ ಬೀಳುವ ಸಾಮರ್ಥ್ಯಕ್ಕೆ ಅಲ್ಲೂ ಮಿತಿಯಿದೆ. ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಬಳಕೆದಾರರು ಹೆಚ್ಚಿದಾಗ, 2024ರ ನವೆಂಬರ್‌ನಲ್ಲಿ, ಕಂಪೆನಿ ಅಲ್ಲಿ ಹೊಸ ಸಂಪರ್ಕ ಕೊಡುವುದನ್ನೇ ನಿಲ್ಲಿಸಬೇಕಾಯಿತು. ನಮ್ಮ ದೂರಸಂಪರ್ಕ ಖಾತೆಯ ರಾಜ್ಯ ಸಚಿವ ಪೆಮ್ಮಸಾನಿ ಚಂದ್ರಶೇಖರ್ ಅವರು 2025ರ ಜುಲೈಯಲ್ಲಿ ಬಿಡಿಸಿಯೇ ಹೇಳಿದ್ದರು: ಸ್ಟಾರ್‌ಲಿಂಕ್ ಭಾರತದಲ್ಲಿ 20 ಲಕ್ಷ ಗ್ರಾಹಕರನ್ನಷ್ಟೇ ಹೊಂದಲು ಸಾಧ್ಯ, ತಿಂಗಳ ಖರ್ಚು ಸುಮಾರು 3,000 ರೂಪಾಯಿ ಆಗಬಹುದು ಎಂದು. ಇತರ ದೂರಸಂಪರ್ಕ ಕಂಪೆನಿಗಳಿಗೆ ಇದರಿಂದ ಬಾಧಕವಿಲ್ಲ ಎಂದು ಧೈರ್ಯ ಹೇಳುವುದು ಅವರ ಉದ್ದೇಶವಾಗಿತ್ತು. ಹಳ್ಳಿಯವರು ಅದನ್ನು ಬೇರೆ ರೀತಿ ಓದಿಕೊಳ್ಳಬೇಕು. 2011ರ ಗಣತಿಯಲ್ಲೇ ಗ್ರಾಮೀಣ ಕುಟುಂಬಗಳ ಸಂಖ್ಯೆ 16.8 ಕೋಟಿಯಷ್ಟಿತ್ತು. ಆ 20 ಲಕ್ಷ ಸಂಪರ್ಕಗಳಲ್ಲಿ ಒಂದನ್ನೂ ಪಟ್ಟಣಕ್ಕೆ ಕೊಡದೆ ಹಳ್ಳಿಗೇ ಕೊಟ್ಟರೂ ನೂರು ಮನೆಗಳಲ್ಲಿ ಒಂದಕ್ಕೆ ದಕ್ಕೀತು. ಆ ಒಂದು ಮನೆ ಯಾರದಾಗಿರುತ್ತದೆ? ಗೃಹಲಕ್ಷ್ಮಿಯ ಇಡೀ ತಿಂಗಳ 2,000 ರೂಪಾಯಿ ಸುರಿದರೂ ಬಿಲ್ಲು ಕಟ್ಟಲಾಗದ ಮನೆಯದಂತೂ ಅಲ್ಲ. ಎಸ್ಟೇಟಿನ ಬಂಗಲೆಯದು, ರೆಸಾರ್ಟಿನದು.

ಇನ್ನು ಅಳತೆಯ ವಿಷಯ. ಈ ಪಡಿತರವನ್ನು ನಮಗಿಂತ ಮೊದಲೇ ಉಂಡವರು ಅಮೆರಿಕದ ಹಳ್ಳಿಗರು. ಅಲ್ಲಿನ ಹ್ಯೂಸ್‌ನೆಟ್ ಕಂಪೆನಿ 2017ರಲ್ಲಿ ಮಾರುತ್ತಿದ್ದ ಉಪಗ್ರಹ ಸಂಪರ್ಕದ ಯೋಜನೆಗಳಲ್ಲಿ ತಿಂಗಳಿಗೆ 10ರಿಂದ 50 ಜಿಬಿ. ಅದು ಮುಗಿದರೆ ವೇಗ 25 ಎಂಬಿಪಿಎಸ್‌ನಿಂದ 1ರಿಂದ 3ಕ್ಕೆ ಇಳಿಯುತ್ತಿತ್ತು. ಜೊತೆಗೊಂದು ಔದಾರ್ಯ: ರಾತ್ರಿ 2 ಗಂಟೆಯಿಂದ ಬೆಳಗ್ಗೆ 8ರವರೆಗೆ ಬಳಸಿದರೆ ಇನ್ನೊಂದು 50 ಜಿಬಿ. ಅಂದರೆ ಪೇಟೆಯವರು ಮಲಗಿದ ಮೇಲೆ ಹಳ್ಳಿಯವರು ಎದ್ದು ಡೌನ್‌ಲೋಡ್ ಮಾಡಿಕೊಳ್ಳಬೇಕು. ನಮ್ಮ ರೈತನಿಗೆ ಇದು ಹೊಸ ಅನುಭವವೇನಲ್ಲ. ತ್ರೀ ಫೇಸ್ ವಿದ್ಯುತ್ ನಡುರಾತ್ರಿ ಕೊಟ್ಟು, ಹಾವು ಚೇಳಿನ ನಡುವೆ ಪಂಪ್‌ಸೆಟ್ ಚಾಲೂ ಮಾಡಲು ಅವನನ್ನು ಎಬ್ಬಿಸುವ ವ್ಯವಸ್ಥೆಯನ್ನು ಅವನು ಬಲ್ಲ. ವಿದ್ಯುತ್ತಿನಲ್ಲಿ ನಡೆದ ಪಂಕ್ತಿಭೇದ ಇಂಟರ್ನೆಟ್ಟಿನಲ್ಲೂ ನಡೆಯಬೇಕೆ?

ವೇಗ ಇಳಿಸುವುದೆಂದರೆ ಸೇವೆ ನಿಲ್ಲಿಸಿದಂತಲ್ಲ ಎಂಬುದು ಕಂಪೆನಿಗಳ ವಾದ. ನಮ್ಮ ಮೊಬೈಲ್ ಯೋಜನೆಗಳಲ್ಲಿ ದಿನದ ಒಂದೂವರೆ ಅಥವಾ ಎರಡು ಜಿಬಿ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಕುಸಿಯುವುದು ಸಾಮಾನ್ಯ. ಆದರೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಬೇಕೆಂದು 2023ರಲ್ಲಿ ದೂರಸಂಪರ್ಕ ಇಲಾಖೆಯೇ ನಿಗದಿಪಡಿಸಿದೆ. ಆ ಲೆಕ್ಕದಲ್ಲಿ ಮಿತಿ ಮುಗಿದವನಿಗೆ ಸಿಗುವುದು ಸರಕಾರ ಹೇಳಿದ ಕನಿಷ್ಠದ ಮೂವತ್ತರಲ್ಲೊಂದು ಪಾಲು. ಅದರಲ್ಲಿ ಪಾಠ ಕೇಳಲಾಗದು, ವೈದ್ಯರಿಗೆ ವರದಿ ಕಳಿಸಲಾಗದು, ಅರ್ಜಿಯ ಪುಟ ತೆರೆಯುವಷ್ಟರಲ್ಲಿ ಅವಧಿ ಮುಗಿಯಿತು ಎಂಬ ಸಂದೇಶ ಬರುತ್ತದೆ. ಕಾಶ್ಮೀರದ ಬಹುತೇಕ ಜಿಲ್ಲೆಗಳನ್ನು 2020ರ ಜನವರಿಯಿಂದ 2021ರ ಫೆಬ್ರವರಿಯವರೆಗೆ 2ಜಿಗೆ ಕಟ್ಟಿಹಾಕಿ ಇಂಟರ್ನೆಟ್ ಮರಳಿ ಕೊಟ್ಟಿದ್ದೇವೆ ಎಂದದ್ದನ್ನು ದೇಶ ಕಂಡಿದೆ. ವೇಗ ತಗ್ಗಿಸುವುದೂ ಬಾಗಿಲು ಮುಚ್ಚುವ ಒಂದು ಬಗೆಯೇ. ಒಂದೆಡೆ ಸರಕಾರ ಮುಚ್ಚಿತು, ಇನ್ನೊಂದೆಡೆ ಬಿಲ್ಲು ಮುಚ್ಚುತ್ತದೆ.

ಜಾಹೀರಾತಿನಲ್ಲಿ ದಪ್ಪಕ್ಷರದ 'ಅನ್‌ಲಿಮಿಟೆಡ್', ಕೆಳಗೆ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಮಿತಿಯ ಷರತ್ತು. ಇದಕ್ಕೆ ಇಟ್ಟ ಹೆಸರು 'ನ್ಯಾಯಯುತ ಬಳಕೆಯ ನೀತಿ'! ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆಯೇ ಪವಿತ್ರ ಕುರ್‌ಆನಿನಲ್ಲಿ 'ಮುತಫ್ಫಿಫೀನ್' ಎಂಬ ಒಂದು ಅಧ್ಯಾಯವಿದೆ. ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರು ಎಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ಬದುಕಿಗೆ ಅನಿವಾರ್ಯವಾದುದನ್ನು ಒಬ್ಬನ ಒಡೆತನಕ್ಕೆ ಬಿಟ್ಟುಕೊಡಬಾರದು ಎಂಬುದು ಅದರ ತಿರುಳು. ಇಂದು ಇಂಟರ್ನೆಟ್ ಆ ಅನಿವಾರ್ಯಗಳ ಸಾಲಿಗೆ ಸೇರಿದೆ. ಅದನ್ನು ಸೇರಿಸಿದವರು ಜನರಲ್ಲ, ಸರಕಾರ.

ಹೌದು, ಈ ಬೇಡಿಕೆಯನ್ನು ಹುಟ್ಟಿಸಿದ್ದೇ ಸರಕಾರ. ಪಡಿತರ ಚೀಟಿಯ ಇ-ಕೆವೈಸಿ, ಪಹಣಿ, ವಿದ್ಯಾರ್ಥಿವೇತನ, ಬೆಳೆ ಸಮೀಕ್ಷೆ, ಪಿಂಚಣಿ ಎಲ್ಲವನ್ನೂ ಆನ್‌ಲೈನ್ ಮಾಡಲಾಯಿತು. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು ದಿನಕ್ಕೆರಡು ಬಾರಿ ಫೋಟೋ ತೆಗೆದು ಆ್ಯಪ್‌ಗೆ ಏರಿಸಬೇಕೆಂದು 2023ರ ಜನವರಿಯಿಂದ ಕಡ್ಡಾಯ ಮಾಡಲಾಯಿತು. ಫೋಟೋ ಏರದಿದ್ದರೆ ಮಣ್ಣು ಹೊತ್ತ ಕೂಲಿಯೇ ಸಂಶಯಕ್ಕೀಡಾಗುವ ಸ್ಥಿತಿ. ಕೊರೋನಾ ಕಾಲದಲ್ಲಿ ಶಾಲೆಯೇ ಮೊಬೈಲಿನೊಳಗೆ ಹೋಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ಜಡಿಮಳೆಯ ನಡುವೆ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಒಂದು ಗಂಟೆಯ ವೀಡಿಯೊ ಪಾಠಕ್ಕೆ ಅರ್ಧದಿಂದ ಒಂದು ಜಿಬಿ ಬೇಕು. ಇಬ್ಬರು ಮಕ್ಕಳು, ದಿನಕ್ಕೆ ನಾಲ್ಕು ತರಗತಿ ಎಂದಾದರೆ ತಿಂಗಳ 50 ಜಿಬಿ ಎಷ್ಟು ದಿನಕ್ಕೆ ಸಾಕು? ಕಾನೂನಿನಿಂದ ಕಡ್ಡಾಯ ಮಾಡಿದ್ದನ್ನು ಪಾವಿನಲ್ಲಿ ಅಳೆದು ಮಾರುವುದು ಯಾವ ನ್ಯಾಯ?

ಇದಕ್ಕೆ ಬುದ್ಧಿವಂತರು ಕೊಡುವ ಉಪದೇಶ: ಮಿತವಾಗಿ ಬಳಸಿ. ವೀಡಿಯೊದ ಗುಣಮಟ್ಟ ತಗ್ಗಿಸಿ, ತಾನೇ ಓಡುವ ವೀಡಿಯೊಗಳನ್ನು ತಡೆಯಿರಿ, ಆ್ಯಪ್‌ಗಳ ಅಪ್‌ಡೇಟ್ ರಾತ್ರಿಗೆ ಇಡಿ, ಚಿತ್ರಗಳಿಲ್ಲದೆ ಪುಟ ತೆರೆಯಿರಿ. ಈ ಉಪಾಯಗಳಿಂದ ಪ್ರಯೋಜನವಿದೆ, ಮಾಡಬೇಕಾದವರು ಮಾಡಲಿ. ಆದರೆ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ತಂತಿಯ ಸಂಪರ್ಕವಿರುವವರಿಗೆ ಯಾರೂ ಈ ಉಪದೇಶ ಮಾಡುವುದಿಲ್ಲ. ಮಿತವ್ಯಯವನ್ನು ಬಡವರಿಗೆ ಮಾತ್ರ ಬೋಧಿಸುವ ಸಮಾಜದಲ್ಲಿ ಆ ಬೋಧನೆಯೇ ಒಂದು ಅವಮಾನ. ಸರಕಾರಿ ಜಾಲತಾಣಗಳೇ ನಾಯಕರ ಭಾವಚಿತ್ರಗಳ ಭಾರದಿಂದ ತೆರೆಯಲಾರದೆ ಏದುಸಿರು ಬಿಡುತ್ತಿರುವಾಗ ಮಿತಿಯ ಪಾಠ ಮೊದಲು ಆಗಬೇಕಾದುದು ಯಾರಿಗೆ?

ಮಾರ್ಗವೇ ಇಲ್ಲವೆ? ಇದೆ, ಅದೂ ನಮ್ಮ ಕಣ್ಣಳತೆಯಲ್ಲೇ ಇದೆ. ಲಕ್ಷದ್ವೀಪವನ್ನು ನೋಡಿ. ಮಂಗಳೂರಿನ ಹಳೆ ಬಂದರಿನೊಂದಿಗೆ ತಲೆಮಾರುಗಳ ವ್ಯಾಪಾರ ಸಂಬಂಧವಿರುವ, ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ನೆಲ ಅದು. 2011ರಲ್ಲಿ ಅಲ್ಲಿನ ಜನಸಂಖ್ಯೆ 64,473. ಸುತ್ತ ಸಮುದ್ರ, ಆದ್ದರಿಂದ ಉಪಗ್ರಹವೇ ಗತಿ ಎಂದು ದಶಕಗಳ ಕಾಲ ನಂಬಿಸಲಾಯಿತು. ಇಡೀ ದ್ವೀಪಸಮೂಹಕ್ಕೆ ಉಪಗ್ರಹದಿಂದ ಸಿಗುತ್ತಿದ್ದುದು ಸೆಕೆಂಡಿಗೆ 1.7 ಗಿಗಾಬಿಟ್, ತಲೆಗೆ 26 ಕಿಲೋಬಿಟ್‌ನಷ್ಟು. 2024ರ ಜನವರಿ 3ರಂದು ಕೊಚ್ಚಿಯಿಂದ ಸಮುದ್ರದಡಿಯಲ್ಲಿ ಎಳೆದ ಫೈಬರ್ ಕೇಬಲ್ ಉದ್ಘಾಟನೆಯಾಯಿತು. ಸರಕಾರವೇ ಹೇಳಿದಂತೆ ಸಾಮರ್ಥ್ಯ 1.7ರಿಂದ 200 ಗಿಗಾಬಿಟ್‌ಗೆ ಏರಿತು. ಐದು ವರ್ಷಗಳ ನಿರ್ವಹಣೆಯೂ ಸೇರಿ ಅಂದಾಜು ವೆಚ್ಚ 1,072 ಕೋಟಿ ರೂಪಾಯಿ. ಅರಬ್ಬಿ ಸಮುದ್ರದ ತಳದಲ್ಲಿ ತಂತಿ ಹಾಯಿಸಬಲ್ಲ ದೇಶಕ್ಕೆ ಚಾರ್ಮಾಡಿ, ಆಗುಂಬೆಯ ಮಗ್ಗುಲ ಹಳ್ಳಿಗಳು ಅಸಾಧ್ಯವೆ? ಅಡ್ಡಿಯಾಗಿರುವುದು ಘಟ್ಟವಲ್ಲ, ಇಚ್ಛೆಯ ಕೊರತೆ.

ಹಣವಿಲ್ಲ ಎನ್ನುವಂತೆಯೂ ಇಲ್ಲ. ದೂರಸಂಪರ್ಕ ಕಂಪೆನಿಗಳ ಆದಾಯದ ಶೇ. 5ರಷ್ಟು ಹಳ್ಳಿಗಾಡಿನ ಸಂಪರ್ಕಕ್ಕೆಂದೇ ಮೀಸಲಾದ ನಿಧಿಗೆ ಹೋಗುತ್ತದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೊಸ ಹೆಸರಿಟ್ಟಿತು. ಅದು ರೀಚಾರ್ಜ್ ಮಾಡಿಸಿದ ಪ್ರತಿಯೊಬ್ಬನ ಜೇಬಿನಿಂದ ಬಂದ ಹಣ. ಎರಡೂವರೆ ಲಕ್ಷ ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರ ಅಕ್ಟೋಬರ್‌ನಲ್ಲಿ. ಮೊದಲ ಒಂದು ಲಕ್ಷ ಮುಗಿಯಲು 2017ರ ಡಿಸೆಂಬರ್ ಬಂತು. ಭಾರತ್‌ನೆಟ್ ಎಂಬ ಹೆಸರಿನ ಅದೇ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಮತ್ತೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಆದರೂ ಎಷ್ಟೋ ಊರುಗಳಲ್ಲಿ ತಂತಿ ಪಂಚಾಯತ್ ಕಚೇರಿಯ ಗೋಡೆಗೆ ಬಂದು ನಿಂತಿದೆ, ಮನೆಯ ಹೊಸ್ತಿಲು ದಾಟಿಲ್ಲ. ಈ ವೈಫಲ್ಯವನ್ನು ಮುಚ್ಚಲು ಈಗ ಆಕಾಶ ತೋರಿಸಲಾಗುತ್ತಿದೆ.

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ ಎಂಬ ಮಾತಿಗೆ ಉತ್ತರಿಸಲೇಬೇಕು. ಉಪಗ್ರಹಕ್ಕೆ ಅದರದೇ ಆದ ಜಾಗವಿದೆ. ನೆರೆ, ಭೂಕುಸಿತದಲ್ಲಿ ತಂತಿ, ಟವರ್ ಎಲ್ಲವೂ ಬಿದ್ದಾಗ ಅದೇ ಆಸರೆ. ಅದರ ನಿಜವಾದ ಬಲವಿರುವುದು ಒಂದನ್ನು ಹಲವರಿಗೆ ಹಂಚುವುದರಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ತಲುಪಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಒಂದೇ ಟಿವಿಯ ಮುಂದೆ ಊರೇ ಕೂರುತ್ತಿತ್ತು, ಯಾರ ಪಾಲೂ ಕಡಿಮೆಯಾಗಲಿಲ್ಲ. ಆದರೆ ಆ ಉಪಗ್ರಹ ಅಮೆರಿಕದ್ದು. ವರ್ಷ ಮುಗಿದೊಡನೆ ಅದನ್ನು ಅವರು ಸರಿಸಿಕೊಂಡರು. ಪರರ ಉಪಗ್ರಹವನ್ನು ನೆಚ್ಚಿದ ಹಳ್ಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ತಂತಿ ತಲುಪುವವರೆಗೆ ಉಪಗ್ರಹದ ಡಿಶ್ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ಗ್ರಂಥಾಲಯಕ್ಕೆ ಸಾರ್ವಜನಿಕ ಖರ್ಚಿನಲ್ಲಿ ಬರಲಿ. ಒಮ್ಮೆ ಇಳಿಸಿದ ಪಾಠವನ್ನು ಅಲ್ಲೇ ಸಂಗ್ರಹಿಸಿಟ್ಟು ವೈಫೈ ಮೂಲಕ ಅರುವತ್ತು ಮಕ್ಕಳಿಗೆ ಹಂಚಿದರೆ ಅರುವತ್ತು ಸಲ ಇಳಿಸುವ ದಂಡವಿಲ್ಲ. ಸರಕಾರಿ ಸೇವೆಯ, ಪಾಠದ, ಆರೋಗ್ಯದ ಬಳಕೆಯನ್ನು ಯಾವ ಮಿತಿಯ ಲೆಕ್ಕಕ್ಕೂ ಸೇರಿಸಬಾರದು. ತಂತಿ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಇಳಿಯಬಾರದೆಂದು 2016ರಲ್ಲಿ ಟ್ರಾಯ್ ಆದೇಶಿಸಿತ್ತು. ಉಪಗ್ರಹಕ್ಕೂ ಮೊಬೈಲಿಗೂ ಅಂತಹ ತಳಮಿತಿ ಇರಲಿ, ಅದು ಇಂದಿನ 2 ಎಂಬಿಪಿಎಸ್ ಆಗಿರಲಿ. ಫೋಟೋ ಏರಿಲ್ಲವೆಂದು ಕೂಲಿಯನ್ನು, ಬೆರಳಚ್ಚು ಹೋಗಿಲ್ಲವೆಂದು ಅಕ್ಕಿಯನ್ನು ತಡೆಯುವ ಪದ್ಧತಿ ನಿಲ್ಲಲಿ. ಎಲ್ಲಕ್ಕಿಂತ ಮುಖ್ಯವಾಗಿ, ಉಪಗ್ರಹ ಬಂತೆಂಬ ನೆಪದಲ್ಲಿ ಭಾರತ್‌ನೆಟ್‌ನ ಒಂದು ಮೀಟರ್ ತಂತಿಯೂ ಕಡಿತವಾಗಬಾರದು.

ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು 2019ರಲ್ಲಿ ಕೇರಳ ಹೈಕೋರ್ಟ್ ತೀರ್ಪಿತ್ತಿತು. ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿ ಆ ತೀರ್ಪು ಪಡೆದವಳು ಫಹೀಮಾ ಶಿರೀನ್ ಎಂಬ ವಿದ್ಯಾರ್ಥಿನಿ. ಅವಳು ಕೇಳಿದ್ದು ಉಪಕಾರವನ್ನಲ್ಲ, ಹಕ್ಕನ್ನು. ನಮ್ಮ ಹಳ್ಳಿಗಳೂ ಗ್ರಾಮಸಭೆಗಳಲ್ಲಿ ಎದ್ದು ನಿಂತು ಅದನ್ನೇ ಕೇಳಬೇಕು: ನಮ್ಮ ಊರಿನ ತಂತಿ ಎಲ್ಲಿಗೆ ಬಂದು ನಿಂತಿದೆ, ಏಕೆ ನಿಂತಿದೆ, ಯಾವಾಗ ಮನೆಗೆ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಆಕಾಶದತ್ತ ಬೆರಳು ತೋರಿಸುವವರನ್ನು ನಂಬಬೇಕಾಗಿಲ್ಲ.